ಒಂದೇ ಪ್ಲಾನಿನ ಮೇಷ್ಟ್ರು

ಬೆಂಗಳೂರಿನಲ್ಲಿ ಮನೆ ಕಟ್ಟುವವರ ಹತ್ತಿರ ಸಾಮಾನ್ಯವಾಗಿ ಎರಡು ಪ್ಲಾನ್ ಇರುತ್ತವೆ. ಒಂದು ಮಂಜೂರಾತಿಗೆಂದು ಆಫೀಸಿಗೆ ಕೊಡುವುದು, ಇನ್ನೊಂದು ಕಟ್ಟುವುದಕ್ಕೆಂದು ಮೇಸ್ತ್ರಿಯ ಕೈಗೆ ಕೊಡುವುದು. ಮೊದಲನೆಯದರಲ್ಲಿ ಮನೆಯ ಸುತ್ತ ಗಾಳಿ ಬೆಳಕಿಗೆ ಜಾಗ ಇರುತ್ತದೆ, ಕಾರು ನಿಲ್ಲುತ್ತದೆ, ಮಹಡಿಗಳು ಲೆಕ್ಕಕ್ಕೆ ಸರಿಯಾಗಿರುತ್ತವೆ. ಎರಡನೆಯದರಲ್ಲಿ ಗೋಡೆ ಪಕ್ಕದ ಮನೆಯ ಗೋಡೆಗೆ ತಾಗಿರುತ್ತದೆ, ಕಾರಿನ ಜಾಗದಲ್ಲಿ ಬೇಕರಿ ಇರುತ್ತದೆ, ಮಹಡಿಯ ಮೇಲೆ ಮಹಡಿ ಏರಿರುತ್ತದೆ. ಕಟ್ಟುವವರಿಗೂ ಇದು ಗೊತ್ತು, ಮಂಜೂರು ಮಾಡುವವರಿಗೂ ಗೊತ್ತು. ಯಾರೂ ಇದನ್ನು ಸುಳ್ಳು ಎನ್ನುವುದಿಲ್ಲ, ಅಡ್ಜಸ್ಟ್‌ಮೆಂಟ್ ಎನ್ನುತ್ತಾರೆ.

ಚಾಮರಾಜಪೇಟೆಯಲ್ಲಿ ಒಂದೇ ಪ್ಲಾನ್ ಬರೆಯುವವರು ಒಬ್ಬರಿದ್ದರು. ಕಟ್ಟುವುದನ್ನೇ ಬರೆಯುತ್ತಿದ್ದರು, ಬರೆದದ್ದನ್ನೇ ಕಟ್ಟಿಸುತ್ತಿದ್ದರು. ಅವರು ತೀರಿಕೊಂಡು ಇವತ್ತಿಗೆ ಇಪ್ಪತ್ತು ದಿನ. ಅವರ ಬಗ್ಗೆ ಬರೆಯುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು. ಬರೆಯದೆ ಇದ್ದರೆ ನಿದ್ದೆ ಬರುವುದಿಲ್ಲ ಎಂದು ಮಾತ್ರ ತಿಳಿದಿದೆ.

ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸಂಕೋಚವಾಗುತ್ತಿತ್ತು. ನಾವೆಲ್ಲ ‘ಪ್ಲಾನ್ ಮೇಷ್ಟ್ರು’ ಎನ್ನುತ್ತಿದ್ದೆವು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಡಿಪ್ಲೊಮಾ ಮಾಡಿಕೊಂಡು, ಪ್ಲಾನಿಗೆ ಸಹಿ ಹಾಕುವ ಲೈಸೆನ್ಸ್ ತೆಗೆದುಕೊಂಡು, ಐದನೇ ಮೇನ್‌ನಲ್ಲಿ ಯಾರದೋ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಕೂತವರು. ಆದರೆ ಯಾರೇ ಬಂದರೂ ಒಂದು ತಪ್ಪನ್ನಾದರೂ ತಿದ್ದದೆ ಕಳಿಸುತ್ತಿರಲಿಲ್ಲವಾದ್ದರಿಂದ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತ್ತು. ಸಣಕಲು ಆಳು. ಜೇಬಿನಲ್ಲಿ ಮೂರು ಪೆನ್ಸಿಲು, ಬಟ್ಟೆಯ ಚೀಲದಲ್ಲಿ ಅಳತೆಯ ಟೇಪು. ಹೋಟೆಲಿಗೆ ಹೋದರೆ ಯಾವಾಗಲೂ ಬೈಟು ಕಾಫಿಯನ್ನೇ ಹೇಳುವರು. ಜೊತೆಗೆ ಯಾರೂ ಇಲ್ಲದಿದ್ದರೂ ಬೈಟುವೇ. ಉಳಿದ ಅರ್ಧವನ್ನು ಪಕ್ಕದಲ್ಲಿ ನಿಂತವರ ಮುಂದೆ ಹಿಡಿದು, “ತಗೊಳ್ಳಿ ಸಾರ್, ನನಗೆ ಇಷ್ಟು ಸಾಕು” ಎನ್ನುವರು. ಅಪರಿಚಿತರು ಗಾಬರಿಯಾಗಿ ಕುಡಿದುಬಿಡುತ್ತಿದ್ದರು.

ಒಮ್ಮೆ ನಾನು ಅವರ ಕೋಣೆಯಲ್ಲಿ ಕೂತಿದ್ದಾಗ ಬಸವನಗುಡಿಯಿಂದ ಒಬ್ಬರು ಕಾರಿನಲ್ಲಿ ಬಂದು ಇಳಿದರು. ಕೆಳಗೆ ಪಾರ್ಕಿಂಗ್ ತೋರಿಸಬೇಕು, ಮಂಜೂರಾದ ಮೇಲೆ ಮೂರು ಅಂಗಡಿ ಮಾಡಿ ಬಾಡಿಗೆಗೆ ಬಿಡಬೇಕು ಎಂದರು. ಮೇಷ್ಟ್ರು ಬಹಳ ವಿನಯದಿಂದ, “ಹಾಗಾದ್ರೆ ಅಂಗಡಿ ಅಂತಲೇ ಬರೀತೀನಿ ಸಾರ್” ಎಂದರು.

“ಅಂಗಡಿ ಅಂತ ಬರೆದ್ರೆ ಪಾಸ್ ಆಗಲ್ವಲ್ರೀ.”

“ಹಾಗಾದ್ರೆ ಅಂಗಡಿ ಕಟ್ಟಬೇಡಿ ಸಾರ್.”

ಬಂದವರು ನನ್ನ ಮುಖ ನೋಡಿದರು, ಇವರಿಗೆ ತಲೆ ಸರಿಯಿದೆಯಾ ಎಂದು ಕೇಳುವಂತೆ. ಅವರು ಹೋದ ಮೇಲೆ ನಾನು ನಕ್ಕು, “ಮೇಷ್ಟ್ರೇ, ಲಕ್ಷ್ಮಿ ಬಂದು ಬಾಗಿಲು ತಟ್ಟಿದ್ಲು, ನೀವು ಚಿಲಕ ಹಾಕಿದ್ರಿ” ಎಂದೆ. “ಅವಳು ತಪ್ಪು ಅಡ್ರೆಸ್ಸಿಗೆ ಬಂದಿದ್ಲಮ್ಮ” ಎಂದು ಪೆನ್ಸಿಲು ಕೆತ್ತತೊಡಗಿದರು. ಆಗ ಆ ಹಟ ನನಗೆ ತಮಾಷೆಯಾಗಿ ಕಾಣುತ್ತಿತ್ತು. ಆ ಹಟದ ದಾರಿಯಲ್ಲಿ ನನ್ನದೇ ಸೂರು ಸಿಕ್ಕಿಕೊಳ್ಳುತ್ತದೆ ಎಂದು ಯಾರಿಗೆ ಗೊತ್ತಿತ್ತು.

ನಾವಿದ್ದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಮುಂದೆ ಯಜಮಾನಮ್ಮನ ಮನೆ, ಹಿಂದಕ್ಕೆ ಉದ್ದವಾಗಿ ನಾಲ್ಕು ಬಾಡಿಗೆ ಮನೆ. ಯಜಮಾನಮ್ಮನ ಗಂಡ ನಗರ್ತಪೇಟೆಯಲ್ಲಿ ಸಗಟು ವ್ಯಾಪಾರ ಮಾಡಿ ಈ ಜಾಗ ಬಿಟ್ಟುಹೋಗಿದ್ದರು. ಮಕ್ಕಳಿರಲಿಲ್ಲ. ಹಿಂದಿನ ಮನೆಗಳಲ್ಲಿ ಹೂ ಮಾರುವ ಸಾವಿತ್ರಮ್ಮ, ಒಬ್ಬ ಟೈಲರ್ ಮತ್ತವನ ಹೆಂಡತಿ, ಪ್ರೆಸ್ಸಿನಲ್ಲಿ ಕೆಲಸ ಮಾಡುವ ಮದುವೆಯಾಗದ ಅಣ್ಣತಮ್ಮಂದಿರು, ಕೊನೆಗೆ ನಾವು. ನಾನು ಅವೆನ್ಯೂ ರಸ್ತೆಯ ನೋಟ್‌ಬುಕ್ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವವಳು, ನನ್ನ ಗಂಡ ಬಿನ್ನಿಪೇಟೆಯ ಗೋಡೌನಿನಲ್ಲಿ. ಮಗಳ ಶಾಲೆ ಎರಡು ಕ್ರಾಸ್ ಆಚೆ. ಸುತ್ತಮುತ್ತ ಬಾಡಿಗೆ ಏರಿ ಏರಿ ನಮ್ಮಂಥವರೆಲ್ಲ ಖಾಲಿ ಮಾಡಿಕೊಂಡು ಊರಾಚೆ ಹೋಗುತ್ತಿದ್ದಾಗ ಯಜಮಾನಮ್ಮ ಮಾತ್ರ ಹಳೆಯ ಬಾಡಿಗೆಯ ಮೇಲೆ ಹಬ್ಬಕ್ಕೊಮ್ಮೆ ಚೂರುಪಾರು ಏರಿಸಿ ಸುಮ್ಮನಾಗುತ್ತಿದ್ದರು. ಬಿಲ್ಡರ್‌ಗಳು ಬಂದು ಅವರ ಜಗಲಿಯಲ್ಲಿ ಕೂತು ಆಸೆ ತೋರಿಸಿದರೆ, “ಇವ್ರನ್ನೆಲ್ಲ ಎಲ್ಲಿಗಪ್ಪಾ ಕಳಿಸ್ಲಿ? ನನಗೆ ಜ್ವರ ಬಂದ್ರೆ ಗಂಜಿ ಕೊಡೋಕೆ ನೀನು ಬರ್ತೀಯಾ?” ಎಂದು ಕೇಳುವರು. ಬಿಲ್ಡರ್‌ಗಳು ಬಾಳೆಹಣ್ಣು ತಿಂದು ಎದ್ದುಹೋಗುತ್ತಿದ್ದರು.

ಆದರೆ ಕಟ್ಟಡಕ್ಕೆ ವಯಸ್ಸಾಗಿತ್ತು. ಮಳೆ ಬಂದರೆ ತಾರಸಿಯ ಗಾರೆ ಹೆಂಟೆ ಹೆಂಟೆಯಾಗಿ ಬೀಳುತ್ತಿತ್ತು. ಒಂದು ಸಲ ಅದು ಸಾವಿತ್ರಮ್ಮನ ಒಲೆಯ ಮೇಲೇ ಬಿತ್ತು. ಅವತ್ತು ಯಜಮಾನಮ್ಮ ತೀರ್ಮಾನ ಮಾಡಿದರು. ಕೆಡವಿ ಹೊಸದಾಗಿ ಕಟ್ಟುವುದು, ಚಿಕ್ಕದಾದರೂ ಐದು ಮನೆ, ಇದೇ ನಾಲ್ಕು ಸಂಸಾರ, ಇದೇ ಬಾಡಿಗೆಯ ಆಸುಪಾಸು. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದರು, ಮಂಜೂರಾದ ಪ್ಲಾನ್ ತನ್ನಿ ಎಂದರು. ಹಾಗೆ ಪ್ಲಾನ್ ಮೇಷ್ಟ್ರು ನಮ್ಮ ವಠಾರಕ್ಕೆ ಬಂದರು.

ಅಳತೆ ತೆಗೆದುಕೊಳ್ಳಲು ಬಂದ ದಿನವನ್ನು ನಾನು ಮರೆಯಲಾರೆ. ಸೈಟಿನ ಅಳತೆ ಮುಗಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದು, “ಮನೇಲಿ ಅಡುಗೆ ಮಾಡೋರು ಯಾರು?” ಎಂದು ಕೇಳಿದರು. ನಾನೇ ಎಂದೆ. ಬರಿಗಾಲಲ್ಲಿ ಗೋಡೆಗೆ ಪಕ್ಕವಾಗಿ ನಿಂತು ಮೊಣಕೈ ಮಡಿಸಿ ಎಂದರು. ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ನೆಲದಿಂದ ಅಲ್ಲಿಗೆ ಟೇಪು ಹಿಡಿದು ಬರೆದುಕೊಂಡರು. ಅಡುಗೆ ಕಟ್ಟೆ ಇಷ್ಟು ಎತ್ತರ ಇರಬೇಕಂತೆ. ಬಾಡಿಗೆ ಮನೆಗೆ ಯಾರು ಮೇಷ್ಟ್ರೇ ಇಷ್ಟೆಲ್ಲ ನೋಡ್ತಾರೆ ಎಂದು ನಾನು ಕೇಳಿದರೆ, “ಬಾಡಿಗೆಯೋರಿಗೂ ಸೊಂಟ ಇರುತ್ತಲ್ಲಮ್ಮ” ಎಂದರು. ಗಿಡ್ಡಗಿರುವ ಸಾವಿತ್ರಮ್ಮನಿಗೆ ತಗ್ಗಿನ ಕಟ್ಟೆ. ಟೈಲರನ ಹೆಂಡತಿಗೆ ಎತ್ತರದ್ದು. ಪ್ರೆಸ್ಸಿನ ಅಣ್ಣತಮ್ಮಂದಿರ ಮನೆಯಲ್ಲಿ ದೊಡ್ಡವನು ಅಡುಗೆ ಮಾಡುತ್ತಿದ್ದುದರಿಂದ ಅವನನ್ನೂ ಬಿಡಲಿಲ್ಲ, ಗೋಡೆಗೆ ನಿಲ್ಲಿಸಿದರು. ಅವನು ಶಾಲೆಯಲ್ಲಿ ಶಿಕ್ಷೆಗೆ ನಿಂತವನಂತೆ ನಿಂತದ್ದನ್ನು ನೋಡಿ ಯಜಮಾನಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಲವತ್ತು ವರ್ಷ ಬಾಡಿಗೆ ಮನೆಗಳಲ್ಲೇ ಬದುಕಿದ ನನ್ನನ್ನು ಮನೆಗೆ ತಕ್ಕಂತೆ ಬಗ್ಗು ಎಂದವರೇ ಎಲ್ಲರೂ. ನನಗೆ ತಕ್ಕಂತೆ ಮನೆಯನ್ನು ಅಳೆದವರು ಇವರೊಬ್ಬರೇ. ಅವತ್ತು ಸಂಜೆ ನಾನು ಆ ಗೆರೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಿದ್ದೆ.

ಪ್ಲಾನ್ ಸಿದ್ಧವಾಯಿತು. ಐದು ಮನೆ, ಐದು ಅಡುಗೆಮನೆ, ಪ್ರತಿಯೊಂದರಲ್ಲೂ ‘ಅಡುಗೆಮನೆ’ ಎಂದು ದುಂಡಗಿನ ಅಕ್ಷರ. ಮುಂದೆ ಸಾವಿತ್ರಮ್ಮನ ತಳ್ಳುಗಾಡಿ ನಿಲ್ಲುವ ಜಾಗವನ್ನೂ ಗುರುತು ಮಾಡಿದ್ದರು. ಅದನ್ನು ತೆಗೆದುಕೊಂಡು ಆಫೀಸಿಗೆ ಹೋದರು, ಅಲ್ಲಿಂದ ಶುರುವಾಯಿತು.

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರಲ್ಲ, ಹಾಗೆ. ಐದು ಅಡುಗೆಮನೆ ಇದ್ದರೆ ಐದು ಮನೆ ಎಂದು ಲೆಕ್ಕ. ಐದು ಮನೆ ಎಂದರೆ ಅಷ್ಟು ಕಾರು ನಿಲ್ಲಲು ಜಾಗ ಬಿಡಬೇಕು, ಸುತ್ತ ಇಷ್ಟಿಷ್ಟು ಅಡಿ ಬಿಡಬೇಕು. ಉದ್ದಕ್ಕಿದ್ದು ಅಗಲವಿಲ್ಲದ ನಮ್ಮ ಸೈಟಿನಲ್ಲಿ ಅದನ್ನೆಲ್ಲ ಬಿಟ್ಟರೆ ಉಳಿಯುವುದು ಎರಡು ಮನೆ. “ಇವರಲ್ಲಿ ಯಾರ ಹತ್ರಾನೂ ಕಾರಿಲ್ಲ ಸಾರ್” ಎಂದು ಮೇಷ್ಟ್ರು ಹೇಳಿದರಂತೆ. ಕಾರಿಲ್ಲದವರಿಗೆಂದು ರೂಲ್ಸಿನಲ್ಲಿ ಏನೂ ಬರೆದಿಲ್ಲ ಎಂದು ಉತ್ತರ ಬಂತಂತೆ. ಫೈಲು ನೋಡುವವರು ಕೆಟ್ಟವರೇನೂ ಅಲ್ಲ. ಕೂರಿಸಿ ಕಾಫಿ ಕೊಟ್ಟು ದಾರಿಯನ್ನೂ ಹೇಳಿಕೊಟ್ಟಿದ್ದರು. “ಒಂದೇ ಸಂಸಾರದ ಮನೆ ಅಂತ ತೋರ್ಸಿ. ಒಂದು ಅಡುಗೆಮನೆ ಇಟ್ಕೊಂಡು ಉಳಿದ ನಾಲ್ಕನ್ನ ಸ್ಟೋರ್ ಅಂತ ಬರ್ದುಬಿಡಿ. ಆಮೇಲೆ ಒಳಗೆ ನೀವು ಏನ್ ಬೇಯಿಸ್ಕೋತೀರೋ ಯಾರು ಬಂದು ನೋಡ್ತಾರೆ? ಎಲ್ಲಾರೂ ಹಂಗೇ ಮಾಡೋದು ಮೇಷ್ಟ್ರೇ.”

ಮೇಷ್ಟ್ರು ಒಪ್ಪಲಿಲ್ಲ. ವಾಪಸ್ಸು ಬಂದು ಹೊಸದಾಗಿ ಬರೆದರು. ಮೆಟ್ಟಿಲು ತಿರುಗಿಸಿದರು, ಕೋಣೆ ಕಿರಿದು ಮಾಡಿದರು, ಎರಡು ಕಾರಿಗೆ ಜಾಗ ಹುಟ್ಟಿಸಿದರು. ಅದೂ ಸಾಲಲಿಲ್ಲ. ಮತ್ತೆ ಬರೆದರು. ಅಷ್ಟರಲ್ಲಿ ಅರ್ಜಿಯೆಲ್ಲ ಕಂಪ್ಯೂಟರಿನಲ್ಲೇ ಹಾಕಬೇಕೆಂದಾಯಿತು. ಕೈಯಲ್ಲಿ ಬರೆಯುತ್ತಿದ್ದ ಮನುಷ್ಯ ಸೈಬರ್ ಅಂಗಡಿಯ ಸ್ಟೂಲಿನ ಮೇಲೆ ಕೂತು ಒಂದೊಂದೇ ಗೆರೆ ತುಂಬಿಸಿದರು. ಕಂಪ್ಯೂಟರು ನೋಡಿ ತಿರಸ್ಕರಿಸಿತು. ಕಾರಣ ಕೇಳಲು ಹೋದರೆ ಸಾಹೇಬರು ಮೀಟಿಂಗಿನಲ್ಲಿ, ಮರುದಿನ ಹೋದರೆ ವರ್ಗ. ಬಾಡಿಗೆದಾರರಿಗೆ ಕಡಿಮೆ ಬಾಡಿಗೆಗೆ ಮನೆ ಕಟ್ಟಿಕೊಡುವವರಿಗೆ ವಿನಾಯಿತಿ ಕೊಡಿ ಎಂದು ಮೇಲಿನವರಿಗೆಲ್ಲ ಅರ್ಜಿ ಬರೆದರು. ಅರ್ಜಿ ತಲುಪಿದೆ ಎಂದು ಉತ್ತರ ಬರುತ್ತಿತ್ತು. ಹೀಗೆ ಒಂದೂವರೆ ವರ್ಷ ಕಳೆಯಿತು. ಪ್ರತಿ ಸಲ ಬಂದು ಯಜಮಾನಮ್ಮನ ಜಗಲಿಯಲ್ಲಿ ಕೂತು, ಇನ್ನೊಂದು ಸಲ ನೋಡೋಣಮ್ಮ ಎನ್ನುವರು. ಮನೆ ಕಟ್ಟಿ ನೋಡು ಅಂತ ಸುಮ್ನೆ ಹೇಳಿಲ್ಲ ಬಿಡಿ ಎಂದು ಯಜಮಾನಮ್ಮನೇ ಅವರಿಗೆ ಸಮಾಧಾನ ಹೇಳುತ್ತಿದ್ದರು.

ನಾವು ತಾರಸಿಗೆ ಹೊದಿಸಿದ ಟಾರ್ಪಾಲಿನ ಕೆಳಗೆ ಎರಡನೇ ಮಳೆಗಾಲಕ್ಕೆ ಬಂದೆವು. ಒಂದು ಬೆಳಿಗ್ಗೆ ಏಳುವಷ್ಟರಲ್ಲಿ ನಮ್ಮ ಅಡುಗೆಮನೆಯ ಅರ್ಧ ತಾರಸಿ ಕೆಳಗಿತ್ತು. ಅದೃಷ್ಟಕ್ಕೆ ಯಾರೂ ಅಲ್ಲಿರಲಿಲ್ಲ. ಅಕ್ಕಿ ಡಬ್ಬದ ಮೇಲೆ, ಮಗಳ ಊಟದ ಡಬ್ಬಿಯ ಮೇಲೆ ಗಾರೆ. ನಾನು ಹಾಗೇ, ತಲೆಯನ್ನೂ ಬಾಚಿಕೊಳ್ಳದೆ, ಐದನೇ ಮೇನ್‌ಗೆ ಹೋದೆ. ಮೇಷ್ಟ್ರು ಆಗ ತಾನೆ ಬಾಗಿಲು ತೆಗೆಯುತ್ತಿದ್ದರು.

“ಮೇಷ್ಟ್ರೇ, ಸ್ಟೋರ್ ಅಂತ ಬರೆದುಬಿಡಿ” ಎಂದೆ.

ಅವರು ಬೀಗವನ್ನು ಕೈಯಲ್ಲಿ ಹಿಡಿದುಕೊಂಡೇ, “ಬರೆಯೋದೇನು ಕಷ್ಟ ಅಲ್ಲಮ್ಮ. ನಾಳೆ ಯಾರಾದ್ರೂ ಆ ಕಾಗದ ತೆಗೆದು ನೋಡಿದ್ರೆ ಅಲ್ಲಿ ನೀವ್ಯಾರೂ ಇರಲ್ಲ” ಎಂದರು.

“ಕಾಗದದಲ್ಲಿ ಇಲ್ದಿದ್ರೆ ಕತ್ತೆ ಬಾಲ. ತಲೆ ಮೇಲೆ ಸೂರಿದ್ರೆ ಸಾಕು ನಮಗೆ.”

“ಇನ್ನೊಂದು ಸಲ...”

“ಇನ್ನೆಷ್ಟು ಸಲ? ನಿಮ್ಮ ಸತ್ಯ ಹರಿಶ್ಚಂದ್ರತನಕ್ಕೆ ನಮ್ಮ ಮಕ್ಕಳ ತಲೆ ಒಡೀಬೇಕಾ? ಬಾಡಿಗೆ ಮನೇಲಿರೋರ ಕಷ್ಟ ನಿಮಗೇನ್ರೀ ಗೊತ್ತು? ಇವತ್ತು ಬಿದ್ದಿದ್ದು ನಿಮ್ಮಮ್ಮ ಬೇಯಿಸ್ತಿದ್ದ ಅಡುಗೆಮನೆ ಆಗಿದ್ರೆ, ಆಗ್ಲೂ ಹಿಂಗೇ ಪೆನ್ಸಿಲ್ ಕೆತ್ಕೊಂಡು ಕೂತಿರ್ತಿದ್ರಾ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ನಾಲಿಗೆ ಚಿಕ್ಕಂದಿನಿಂದಲೂ ಹೀಗೆ, ಉರಿಯುವಾಗ ಯಾರನ್ನು ಸುಡುತ್ತಿದೆ ಎಂದು ನೋಡುವುದಿಲ್ಲ. ಮೇಷ್ಟ್ರ ಮುಖ ಹೇಗಾಯಿತು ಎಂದು ನಾನು ಸರಿಯಾಗಿ ನೋಡಲೂ ಇಲ್ಲ, ತಿರುಗಿ ನಡೆದುಬಿಟ್ಟೆ.

ಎರಡು ದಿನ ಬಿಟ್ಟು ಹೊಸ ಪ್ಲಾನ್ ಹಿಡಿದುಕೊಂಡು ಯಜಮಾನಮ್ಮನ ಸಹಿಗೆ ಬಂದರು. ಒಂದು ಅಡುಗೆಮನೆ, ನಾಲ್ಕು ಸ್ಟೋರ್. ಯಜಮಾನಮ್ಮ ಕನ್ನಡಕ ಏರಿಸಿ, “ಇದೇನ್ ಮೇಷ್ಟ್ರೇ, ಮನೆ ತುಂಬ ಉಗ್ರಾಣಾನೇ ಇದೆ?” ಎಂದರು. “ಕಾಗದಕ್ಕೆ ಅಷ್ಟೇ ಅಮ್ಮ” ಎಂದರು ಮೇಷ್ಟ್ರು, ಬೇರೆ ಎಲ್ಲೋ ನೋಡುತ್ತ. ನನಗೆ ಒಳಗೊಳಗೇ ಖುಷಿಯಾಯಿತು. ಗೆದ್ದೆ ಎನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಅನಿಸಿತ್ತು.

ಹದಿನೆಂಟು ದಿನಕ್ಕೆ ಪ್ಲಾನ್ ಮಂಜೂರಾಯಿತು. ಒಂದೂವರೆ ವರ್ಷ ಆಗದಿದ್ದದ್ದು ಹದಿನೆಂಟು ದಿನಕ್ಕೆ. ಆದರೆ ಹನ್ನೆರಡನೆಯ ದಿನ ಯಜಮಾನಮ್ಮ ಬಚ್ಚಲಲ್ಲಿ ಜಾರಿಬಿದ್ದಿದ್ದರು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಹೋಗಿಬಿಟ್ಟರು. ನಾವು ನಾಲ್ಕು ಮನೆಯವರೂ ಸರದಿಯಲ್ಲಿ ಅಲ್ಲಿದ್ದೆವು. ಕೊನೆಯ ದಿನವೂ ಸಾವಿತ್ರಮ್ಮನ ಕೈ ಹಿಡಿದು, “ಮನೆ ಎದ್ಮೇಲೆ ನಿನಗೆ ಕೆಳಗಿಂದೇ, ಮೆಟ್ಲು ಹತ್ತಬೇಡ” ಎಂದಿದ್ದರು.

ಜಾಗ ಯಜಮಾನಮ್ಮನ ಮೈದುನನ ಮಗನಿಗೆ ಹೋಯಿತು. ಮೈಸೂರಿನಿಂದ ಬಂದ. ಒರಟನಲ್ಲ, ಎಲ್ಲರನ್ನೂ ಕೂರಿಸಿ ಮಾತಾಡಿದ. ಬಿಲ್ಡರಿಗೆ ಕೊಡಬೇಕೆಂದಿದ್ದೇನೆ, ಮೂರು ತಿಂಗಳು ಟೈಮು ತೆಗೆದುಕೊಳ್ಳಿ ಎಂದ. ನಾವು ಯಜಮಾನಮ್ಮ ಕೊಟ್ಟ ಮಾತನ್ನು ಹೇಳಿದೆವು. ಇದೇ ನಾಲ್ಕು ಸಂಸಾರಕ್ಕೆ ಅಂತ ಮನೆ ಕಟ್ಟಿಸ್ತಿದ್ರು, ಬೇಕಾದ್ರೆ ಪ್ಲಾನ್ ನೋಡಿ ಎಂದು ನಾನೇ ಜೋರಾಗಿ ಹೇಳಿದೆ. ಮೇಷ್ಟ್ರನ್ನೂ ಕರೆಸಿದ್ದೆವು. ಅವನು ಪ್ಲಾನ್ ಬಿಡಿಸಿ ಜಗಲಿಯ ಮೇಲೆ ಹಾಸಿ, ಬೆರಳಿಟ್ಟು ಓದಿದ.

“ಇದ್ರಲ್ಲಿ ಒಂದೇ ಮನೆ ಇದೆಯಲ್ಲ. ದೊಡ್ಡಮ್ಮ ತಮ್ಮ ಸ್ವಂತ ವಾಸಕ್ಕೆ ಅಂತ ಅರ್ಜಿ ಹಾಕಿದಾರೆ. ನಿಮಗೆ ಕೊಡೋ ಉದ್ದೇಶ ಎಲ್ಲಿತ್ತು?”

“ಅವು ಅಡುಗೆಮನೆಗಳು” ಎಂದರು ಮೇಷ್ಟ್ರು.

“ಸ್ಟೋರ್ ಅಂತಿದೆಯಲ್ಲ ಸಾರ್. ಕೆಳಗೆ ಸಹಿ ನಿಮ್ಮದೇ ಅಲ್ವಾ? ಬರೆದೋರು ನೀವೇ ಅಲ್ವಾ?”

ಹಳೆಯ ಪ್ಲಾನುಗಳನ್ನು ಹೊಸದು ಹಾಕುವಾಗಲೇ ವಾಪಸ್ಸು ಪಡೆದು ರದ್ದು ಮಾಡಿಸಿಯಾಗಿತ್ತು. ಆಫೀಸಿನ ಕಣ್ಣಲ್ಲಿ ಅವು ಇರಲೇ ಇಲ್ಲ. ವಿನಾಯಿತಿಯ ಅರ್ಜಿಗಳಲ್ಲಿ ಇದ್ದದ್ದು ಮೇಷ್ಟ್ರ ಸಹಿ, ಯಜಮಾನಮ್ಮನದಲ್ಲ. ಮೇಷ್ಟ್ರು ಸ್ವಲ್ಪ ಹೊತ್ತು ಆ ಕಾಗದವನ್ನೇ ನೋಡಿದರು. ಆಗ ಅವರು ತಲೆಯೆತ್ತಿ ನನ್ನತ್ತ ಬೆರಳು ತೋರಿಸಬಹುದಿತ್ತು. ‘ಈ ಹೆಂಗಸು ಬಂದು ಬಾಯಿಗೆ ಬಂದ ಹಾಗೆ ಬೈದಳು, ಅದಕ್ಕೇ ಬರೆದೆ’ ಎನ್ನಬಹುದಿತ್ತು. ಅವರು ನನ್ನ ಕಡೆ ನೋಡಲೂ ಇಲ್ಲ. “ಹೌದಪ್ಪ, ನಾನೇ ಬರೆದದ್ದು” ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಐದು ಅಡುಗೆಮನೆಯ ಪ್ಲಾನ್ ಇದ್ದಿದ್ದರೆ ಆ ಹುಡುಗ ನಮ್ಮ ಮಾತು ಕೇಳುತ್ತಿದ್ದನೋ ಇಲ್ಲವೋ, ಹೇಳಲಾರೆ. ದೊಡ್ಡಮ್ಮನ ಸಹಿ ಇರುವ ಕಾಗದ ಕಣ್ಣೆದುರಿಗಿದ್ದರೆ ಮನಸ್ಸು ಕರಗುತ್ತಿತ್ತೇನೋ. ಕರಗದೆಯೂ ಇರಬಹುದಿತ್ತು. ಆದರೆ ಕೇಳಲು ನಮ್ಮ ಹತ್ತಿರ ಒಂದು ಆಧಾರ ಇರುತ್ತಿತ್ತು. ಅದನ್ನು ಅಳಿಸಿ ಹಾಕಿಸಿದವಳು ನಾನು.

ಮೂರು ತಿಂಗಳಲ್ಲಿ ವಠಾರ ಖಾಲಿಯಾಯಿತು. ಸಾವಿತ್ರಮ್ಮ ನೆಲಮಂಗಲದ ಹತ್ತಿರ ತಂಗಿಯ ಮನೆಗೆ ಹೋದಳು. ಈಗ ಹೂವಿನ ವ್ಯಾಪಾರವಿಲ್ಲ, ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ಟೈಲರ್ ಊರಿಗೆ ಹೋದ. ಅಣ್ಣತಮ್ಮಂದಿರು ಎರಡು ಕಡೆಯಾದರು. ನಾವು ಮಾಗಡಿ ರಸ್ತೆಯಲ್ಲಿ ಬಹಳ ದೂರ, ಬಸ್ಸು ತಿರುಗಿಸುವ ಜಾಗದ ಆಚೆ, ಹಳೆಯ ಬಾಡಿಗೆಯ ಮೂರರಷ್ಟು ಕೊಟ್ಟು ಒಂದು ಮನೆ ಹಿಡಿದೆವು. ಅಡ್ವಾನ್ಸಿಗೆ ನನ್ನ ಬಳೆ ಹೋದವು. ಮಗಳ ಶಾಲೆ ಬದಲಾಯಿತು. ಅವಳು ಗೆಳತಿಯರಿಗಾಗಿ ಒಂದು ವಾರ ಅತ್ತಳು.

ಆಮೇಲೆ ಮೇಷ್ಟ್ರನ್ನು ನೋಡಿದ್ದು ಒಂದೇ ಸಲ. ಚಾಮರಾಜಪೇಟೆಯ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಜೇಬಿನಲ್ಲಿ ಪೆನ್ಸಿಲು ಇರಲಿಲ್ಲ. ಐದನೇ ಮೇನ್‌ನ ಕೋಣೆಗೆ ಆಗಲೇ ಟು-ಲೆಟ್ ಬೋರ್ಡು ಬಿದ್ದಿತ್ತು. ಹೋಗಿ ಮಾತಾಡಿಸಬೇಕು, ಕ್ಷಮಿಸಿ ಮೇಷ್ಟ್ರೇ ಎನ್ನಬೇಕು ಎಂದು ಎರಡು ಹೆಜ್ಜೆ ಇಟ್ಟವಳು, ರಸ್ತೆ ದಾಟಿ ಆ ಕಡೆಗೆ ಹೋಗಿ ನಿಂತುಬಿಟ್ಟೆ. ಇನ್ನೊಂದು ದಿನ ಎಂದುಕೊಂಡೆ. ಅವರು ನನ್ನನ್ನು ನೋಡಿದರೆಂದೇ ನನಗೆ ಅನುಮಾನ. ಬಸ್ಸು ಬಂತು, ಹತ್ತಿಕೊಂಡು ಹೋದರು.

ತೀರಿಕೊಂಡ ಸುದ್ದಿ ಸಾವಿತ್ರಮ್ಮನ ಫೋನಿನಲ್ಲಿ ಬಂತು. ಕಾರ್ಯಗಳೆಲ್ಲ ಮುಗಿದ ಮೇಲೆ, ಮೊನ್ನೆ ಭಾನುವಾರ, ಅವಳನ್ನೂ ಕರೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಕೆಂಗೇರಿಯ ಆಚೆ ಒಂದು ಕಟ್ಟಡದ ಮೂರನೇ ಮಹಡಿ, ಒಂದು ಕೋಣೆಯ ಮನೆ. ನಾನು ಬಾಗಿಲಲ್ಲೇ ನಿಂತೆ. ಇಷ್ಟು ಮನೆ ಬರೆದವರಿಗೆ ಒಂದು ಸ್ವಂತ ಮನೆ ಇದ್ದೇ ಇರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಕೇಳಿರಲೇ ಇಲ್ಲ.

ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ಬೆಳ್ಳಗಿನ, ಮೃದು ಮಾತಿನ ಹೆಂಗಸು. ಚಾಪೆ ಹಾಸಿ ಕೂರಿಸಿದರು. ಅವರೇ ಶುರು ಮಾಡಿದರು.

“ಸ್ವಂತ ಮನೆ ಯಾವತ್ತೂ ಇರ್ಲಿಲ್ಲಮ್ಮ ನಮಗೆ. ಅವ್ರು ಹುಟ್ಟಿದ್ದೂ ಬಾಡಿಗೆ ಮನೇಲೇ, ಮಲ್ಲೇಶ್ವರದಲ್ಲಿ. ಒಂದ್ ಸಲ ಮನೆಯೋರ ಮಕ್ಕಳು ಆಸ್ತಿಗೆ ಜಗಳ ಆಡ್ಕೊಂಡಾಗ ಕೋರ್ಟಿಂದ ಅಮೀನ ಬಂದನಂತೆ. ಪ್ಲಾನ್ ತೆಗೆದು ನೋಡಿ, ಮಹಡಿ ಮೇಲೆ ಮನೇನೇ ಇಲ್ವಲ್ಲ, ಉಗ್ರಾಣ ಅಂತಿದೆ, ನೀವ್ಯಾರು ಅಂದನಂತೆ. ನಮ್ಮತ್ತೆ ಒಲೆ ಮೇಲಿದ್ದ ಅನ್ನಾನ ಹಾಗೇ ಎತ್ಕೊಂಡು ಬೀದಿಗೆ ಬಂದ್ರಂತೆ. ಅವ್ರು ಆಗ ಸಣ್ಣೋರು. ಅದಕ್ಕೇ ಈ ಕೆಲಸ ಕಲ್ತಿದ್ದು.”

ಸಾವಿತ್ರಮ್ಮ ಸೆರಗು ಬಾಯಿಗಿಟ್ಟುಕೊಂಡಳು.

“ಅದೊಂದು ದಿನ ಮಾತ್ರ ಮಧ್ಯಾಹ್ನಾನೇ ಮನೆಗೆ ಬಂದೋರು ಊಟ ಮಾಡ್ಲಿಲ್ಲ. ಬೋರ್ಡ್ ಮುಂದೆ ಕೂತು ನಾಲ್ಕು ಕಡೆ ರಬ್ಬರಲ್ಲಿ ಅಳಿಸಿದ್ರು. ಸ್ಟೋರ್ ಅಂತ ಬರೆದ್ರು. ಬರೆದಾದ್ಮೇಲೆ ನನ್ನ ಕರೆದು, ‘ನೋಡೇ, ಅಮ್ಮನ್ನ ನಾನೇ ಆಚೆಗೆ ಹಾಕ್ಬಿಟ್ಟೆ’ ಅಂದ್ರು. ಅತ್ತಿದ್ದನ್ನ ಅವತ್ತೇ ನೋಡಿದ್ದು ನಾನು. ಅದಾದ್ಮೇಲೆ ಯಾವ ಪ್ಲಾನಿಗೂ ಸಹಿ ಹಾಕ್ಲಿಲ್ಲ.”

ಹೇಳದೆ ಎದ್ದು ಬರಬಹುದಿತ್ತು. ಬಸ್ ಸ್ಟಾಪಿನಲ್ಲಿ ಮಾಡಿದ್ದನ್ನು ಮತ್ತೆ ಮಾಡಬಾರದು ಎಂದು ಹೇಗೋ ಬಾಯಿ ತೆರೆದೆ.

“ಅಮ್ಮಾ, ಅವ್ರಿಗೆ ಅವತ್ತು ಬೈದೋಳು ನಾನೇ. ‘ನಿಮ್ಮಮ್ಮನ ಅಡುಗೆಮನೆ ಆಗಿದ್ರೆ’ ಅಂತ...”

ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. “ಗೊತ್ತು ಕಣಮ್ಮ. ಬಾಗಿಲಲ್ಲಿ ನಿಂತಾಗಲೇ ಗೊತ್ತಾಯ್ತು. ಅವ್ರು ಹೇಳಿದ್ರು. ‘ಆ ಹುಡುಗಿ ಹೇಳಿದ್ದು ಸರಿ ಕಣೇ, ಮೊದಲೇ ಬರೆದಿದ್ರೆ ಯಜಮಾನಮ್ಮ ಇರೋವಾಗಲೇ ಮನೆ ಎದ್ದಿರೋದು. ನನ್ನ ಹಟಕ್ಕೆ ನಾಲ್ಕು ಸಂಸಾರ ಬೀದಿಗೆ ಬಂತು’ ಅಂತ. ಕೊನೇವರೆಗೂ ಅದನ್ನೇ ಹೇಳ್ತಿದ್ರು.”

ಅವರು ತಮ್ಮದೇ ತಪ್ಪು ಎಂದುಕೊಂಡು ಹೋದರು. ಆ ಬಸ್ ಸ್ಟಾಪಿನಲ್ಲಿ ರಸ್ತೆ ದಾಟದೆ ನಿಂತು, ತಪ್ಪು ನನ್ನದು ಮೇಷ್ಟ್ರೇ, ನೀವು ಬರೆದದ್ದೇ ಸರಿಯಿತ್ತು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ.